ರೈನೋ ಡ್ಯಾನ್ಯೂಬೋ? 7 ರಾತ್ರಿಯ ನದಿ ಕ್ರೂಸ್‌ಗೆ ಯಾವ ತಿಂಗಳು, ಯಾವ ಕ್ಯಾಬಿನ್, ನೀರು ಇಳಿದರೆ ಏನು ಗತಿ?

ದಡಸೇರು (ಪ್ರಶ್ನೆ):

ಮುಂದಿನ ವರ್ಷ 7 ರಾತ್ರಿಯ ನದಿ ಕ್ರೂಸ್ ಬುಕ್ ಮಾಡಬೇಕಿದೆ. ಒಟ್ಟು ನಾಲ್ಕು ಜನ. ಇಬ್ಬರಿಗೆ 70 ದಾಟಿದೆ, ಅವರಲ್ಲಿ ಒಬ್ಬರಿಗೆ ಮಂಡಿನೋವು. ನಾಲ್ವರಿಗೂ ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕು. ಎರಡು ದಾರಿಗಳನ್ನು ಆರಿಸಿಟ್ಟುಕೊಂಡಿದ್ದೇವೆ: ರೈನ್ ನದಿಯಲ್ಲಿ ಬಾಸೆಲ್‌ನಿಂದ ಆಮ್‌ಸ್ಟರ್‌ಡ್ಯಾಮ್, ಇಲ್ಲವೇ ಡ್ಯಾನ್ಯೂಬ್‌ನಲ್ಲಿ ಪಾಸೌನಿಂದ ಬುಡಾಪೆಸ್ಟ್.

ನೀರು ಕಡಿಮೆಯಾಗಿ ಕ್ರೂಸ್ ಅರ್ಧಕ್ಕೆ ಬಸ್ ಪ್ರವಾಸವಾಗಿಬಿಡುತ್ತದೆ ಎಂದು ಹಲವರು ಬರೆದದ್ದು ಓದಿದ್ದೇನೆ. ಅದು ಎಷ್ಟರಮಟ್ಟಿಗೆ ನಿಜ, ಯಾವ ತಿಂಗಳಲ್ಲಿ ಹೋದರೆ ತಪ್ಪಿಸಬಹುದು? ಎಲ್ಲಕ್ಕಿಂತ ಕೆಳಗಿನ ಡೆಕ್ಕಿನ ಕ್ಯಾಬಿನ್ ತುಂಬಾ ಅಗ್ಗವಿದೆ, ಅದು ಸಾಕೇ? ವೀಸಾ ಯಾವ ದೇಶಕ್ಕೆ ಹಾಕಬೇಕು? ನಾಲ್ವರೂ ಸಸ್ಯಾಹಾರಿಗಳು. ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಹೊಳೆಮಾಪಕ:

ಬೇರೆಲ್ಲಕ್ಕಿಂತ ಮೊದಲು ನೀರಿನ ವಿಷಯ ಇತ್ಯರ್ಥ ಮಾಡಿಕೊಳ್ಳಿ. ತಿಂಗಳು, ದಾರಿ ಎರಡೂ ಅದರ ಮೇಲೇ ನಿಂತಿವೆ. ನದಿ ಹಡಗಿನ ಕ್ಯಾಪ್ಟನ್ ದಿನವಿಡೀ ಎರಡು ಅಳತೆ ನೋಡುತ್ತಿರುತ್ತಾರೆ: ಹಡಗಿನ ತಳಕ್ಕೂ ನದಿಯ ತಳಕ್ಕೂ ನಡುವೆ ಎಷ್ಟು ನೀರಿದೆ, ಹಡಗಿನ ನೆತ್ತಿಗೂ ಸೇತುವೆಗೂ ನಡುವೆ ಎಷ್ಟು ಜಾಗವಿದೆ. ನೀರು ಇಳಿದರೆ ಮೊದಲನೆಯದು ಸಾಲದು, ಏರಿದರೆ ಎರಡನೆಯದು ಸಾಲದು. ಎರಡೂ ಸಲ ಹಡಗು ನಿಲ್ಲುತ್ತದೆ.

ರೈನ್ ನದಿಗೆ ಬಾಸೆಲ್‌ನಿಂದ ಇಫೆಟ್ಸ್‌ಹೈಮ್‌ವರೆಗೆ 10 ಲಾಕ್‌ಗಳಿವೆ (ಲಾಕ್ ಎಂದರೆ ನೀರು ತುಂಬಿಸಿ, ಖಾಲಿ ಮಾಡಿ ಹಡಗನ್ನು ಏರಿಸಿ ಇಳಿಸುವ, ಎರಡೂ ಕಡೆ ಬಾಗಿಲಿರುವ ಕಟ್ಟೆ). ಅಲ್ಲಿ ಅಣೆಕಟ್ಟುಗಳು ನೀರು ಹಿಡಿದಿಡುವುದರಿಂದ ಆಳದ ಚಿಂತೆಯಿಲ್ಲ. ಇಫೆಟ್ಸ್‌ಹೈಮ್ ದಾಟಿದ ಮೇಲೆ ನೆದರ್‌ಲ್ಯಾಂಡ್ಸ್ ಸೇರುವವರೆಗೆ ನದಿ ತಡೆಯಿಲ್ಲದೆ ಹರಿಯುತ್ತದೆ. ಈ ಉದ್ದದಲ್ಲಿ ಕುತ್ತಿಗೆಯ ಹಾಗೆ ಇರುವುದು ಬಿಂಗೆನ್ ಮತ್ತು ಕೊಬ್ಲೆಂಜ್ ನಡುವಿನ ಕಣಿವೆ. ಕೋಟೆಗಳ ಸಾಲು ಇರುವುದೂ ಅಲ್ಲೇ, ಬಂಡೆ ತಳದ ಆಳವಿಲ್ಲದ ನೀರು ಇರುವುದೂ ಅಲ್ಲೇ. ಕೌಬ್ ಎಂಬ ಪುಟ್ಟ ಊರಿನ ದಂಡೆಯಲ್ಲಿರುವ ಮಾಪಕವನ್ನು ಎಲ್ಲ ಹಡಗಿನವರೂ ನೋಡುವುದು ಇದಕ್ಕೇ.

ಆ ಮಾಪಕದ ಅಂಕಿ ನೋಡಿ ಅನೇಕರು ಗಾಬರಿಯಾಗುತ್ತಾರೆ. ಕೌಬ್‌ನಲ್ಲಿ 78 ಸೆಂ.ಮೀ. ಎಂದಿದ್ದರೆ ನದಿಯಲ್ಲಿ ಸೊಂಟದಷ್ಟೂ ನೀರಿಲ್ಲ ಎಂದರ್ಥವಲ್ಲ. ಮಾಪಕದ ಸೊನ್ನೆ ಇರುವುದು ನದಿಯ ತಳದಲ್ಲಲ್ಲ. ಮಾಪಕ 78 ತೋರಿಸುವಾಗ ಹಡಗು ಹೋಗುವ ಕಾಲುವೆಯಲ್ಲಿ ಸುಮಾರು 1.90 ಮೀಟರ್ ಆಳವಿರುತ್ತದೆ. ಅಂದರೆ ಅಂಕಿಗೆ ಸುಮಾರು 112 ಸೆಂ.ಮೀ. ಕೂಡಿಸಿಕೊಳ್ಳಿ. ಪ್ರಯಾಣಿಕರ ಹಡಗು ನೀರಿನಲ್ಲಿ ಮುಳುಗಿರುವ ಭಾಗ ಸಾಮಾನ್ಯವಾಗಿ 1.5ರಿಂದ 1.7 ಮೀಟರ್. ಅದರ ಕೆಳಗೆ ಒಂದಷ್ಟು ಸುರಕ್ಷತೆಯ ಅಂತರವೂ ಬೇಕು. ಮಾಪಕ 60ರ ಆಸುಪಾಸಿಗೆ ಬಂದಾಗ ಹಡಗಿನವರು ಬಸ್ಸುಗಳಿಗೆ ಫೋನ್ ಮಾಡತೊಡಗುವುದೇಕೆ ಎಂಬುದು ಈ ಲೆಕ್ಕದಲ್ಲೇ ತಿಳಿಯುತ್ತದೆ. 2018ರ ಅಕ್ಟೋಬರಿನಲ್ಲಿ ಅದು 25 ಸೆಂ.ಮೀ.ಗೆ ಇಳಿದಿತ್ತು.

ಏರುವ ಕಡೆಯ ಗೆರೆಗಳೂ ಅಷ್ಟೇ ಖಚಿತ. ಕೌಬ್‌ನಲ್ಲಿ 4.60 ಮೀಟರ್ ಮುಟ್ಟಿದರೆ ವೇಗಕ್ಕೆ ಕಡಿವಾಣ, 6.40 ಮುಟ್ಟಿದರೆ ಸಂಚಾರವೇ ಬಂದ್. ಕೊಲೋನ್‌ನಲ್ಲಿ ಈ ಅಂಕಿಗಳು 6.20 ಮತ್ತು 8.30.

ಡ್ಯಾನ್ಯೂಬ್‌ನ ಇಕ್ಕಟ್ಟು ಬೇರೆ ಕಡೆ ಇದೆ. ಜರ್ಮನಿಯ ಸ್ಟ್ರೌಬಿಂಗ್‌ನಿಂದ ವಿಲ್ಸ್‌ಹೋಫೆನ್‌ವರೆಗಿನ ಸುಮಾರು 70 ಕಿ.ಮೀ. ಅಣೆಕಟ್ಟಿಲ್ಲದ ಹರಿವು. ನ್ಯೂರೆಂಬರ್ಗ್ ಅಥವಾ ರೆಗೆನ್ಸ್‌ಬುರ್ಗ್‌ನಿಂದ ಹೊರಡುವ ಕ್ರೂಸ್‌ಗಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಲ್ಲೇ. ಪಾಸೌ ಇದಕ್ಕಿಂತ ಕೆಳಗಿದೆ. ಹಾಗಾಗಿ ಪಾಸೌನಿಂದ ಹೊರಡುವ ನಿಮ್ಮ ದಾರಿಗೆ ಈ ಕಂಟಕ ಮೊದಲೇ ಕಳೆದಂತೆ. ಇನ್ನು ಉಳಿಯುವುದು ಆಸ್ಟ್ರಿಯಾದ ವಾಖಾವ್ ಕಣಿವೆ, ವಿಯೆನ್ನಾದ ಪೂರ್ವದ ಭಾಗ, ಹಂಗರಿಯ ಭಾಗ. ಅಲ್ಲೂ ತೊಂದರೆ ಬರುತ್ತದೆ, ಆದರೆ ಸ್ಟ್ರೌಬಿಂಗ್‌ನಷ್ಟು ಬೇಗ ಅಲ್ಲ.

ತಿಂಗಳ ಮಾತಿಗೆ ಬಂದರೆ, ರೈನ್‌ನಲ್ಲಿ ನೀರು ಬತ್ತುವುದು ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ, ಉಕ್ಕುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಏಪ್ರಿಲ್ ಕೊನೆಯಿಂದ ಜುಲೈ ಮೊದಲವರೆಗೆ ಆಲ್ಪ್ಸ್‌ನ ಹಿಮ ಕರಗಿ ನದಿಗೆ ಆಸರೆಯಾಗುತ್ತದೆ. ಅದು ರೈನ್‌ಗೆ ಒಳ್ಳೆಯ ಕಾಲ. ಡ್ಯಾನ್ಯೂಬ್‌ಗೆ ಅದೇ ಹಿಮದ ನೀರು ಇನ್ ನದಿಯ ಮೂಲಕ ಪಾಸೌನಲ್ಲಿ ಬಂದು ಸೇರುತ್ತದೆ. ಅದರ ಜೊತೆ ಜೋರು ಮಳೆ ಕೂಡಿದರೆ ಜೂನ್‌ನಲ್ಲಿ ಪ್ರವಾಹ. 2013ರ ಜೂನ್ 3ರಂದು ಪಾಸೌನಲ್ಲಿ ನೀರು 12.89 ಮೀಟರ್ ತಲುಪಿತ್ತು. 2024ರ ಸೆಪ್ಟೆಂಬರಿನಲ್ಲೂ ಆಸ್ಟ್ರಿಯಾದಲ್ಲಿ ಪ್ರವಾಹ ಬಂದು ಹಡಗುಗಳು ಕಟ್ಟಿದಲ್ಲೇ ಉಳಿದವು. ನೂರಕ್ಕೆ ನೂರು ಸುರಕ್ಷಿತವಾದ ತಿಂಗಳು ಎಂಬುದಿಲ್ಲ. ಡ್ಯಾನ್ಯೂಬ್‌ಗೆ ನನ್ನ ಆಯ್ಕೆ ಮೇ ಮೊದಲ ಎರಡು ವಾರ.

ನೀರು ಕೈಕೊಟ್ಟಾಗ ನಡೆಯುವುದು ಹೀಗೆ. ಸಣ್ಣ ಸಮಸ್ಯೆಯಾದರೆ ಸಮಯ ಮಾತ್ರ ಬದಲಾಗುತ್ತದೆ. ಹಡಗು ರಾತ್ರಿ ಹೊರಡುವ ಬದಲು ಮಧ್ಯಾಹ್ನವೇ ಹೊರಡುತ್ತದೆ, ಒಂದು ಊರು ಕೈತಪ್ಪುತ್ತದೆ. ದೊಡ್ಡದಾದರೆ ಹಡಗು ಬದಲಾವಣೆ. ಆಳವಿಲ್ಲದ ಭಾಗದ ಆಚೆ ಅದೇ ಕಂಪನಿಯ ಅವಳಿ ಹಡಗು ನಿಂತಿರುತ್ತದೆ. ಬೆಳಿಗ್ಗೆ ಪೆಟ್ಟಿಗೆ ಕಟ್ಟಿ ಕ್ಯಾಬಿನ್ ಬಾಗಿಲ ಹೊರಗಿಡುತ್ತೀರಿ, ಬಸ್ಸಿನಲ್ಲಿ ಊರು ನೋಡಿ ಸಂಜೆ ಆ ಹಡಗು ಹತ್ತುತ್ತೀರಿ. ಕ್ಯಾಬಿನ್ ನಂಬರ್ ಸಾಮಾನ್ಯವಾಗಿ ಅದೇ. ಒಂದು ದಿನದ ಕಿರಿಕಿರಿ, ಆದರೆ ಪ್ರವಾಸ ಕೆಡುವುದಿಲ್ಲ. ಅವಳಿ ಹಡಗು ಇಲ್ಲದ ಸಣ್ಣ ಕಂಪನಿಯಾದರೆ ಮಾತ್ರ ನೀವು ಓದಿದ ಬಸ್ ಪ್ರವಾಸದ ಪರಿಸ್ಥಿತಿ: ಹಡಗು ಒಂದೇ ಕಡೆ ಹೋಟೆಲ್‌ನಂತೆ ನಿಲ್ಲುತ್ತದೆ, ದಿನಾ ಮೂರ್ನಾಲ್ಕು ಗಂಟೆ ಬಸ್.

ಆದ್ದರಿಂದ ಬುಕ್ ಮಾಡುವ ಮುಂಚೆ ಕಂಪನಿಗೆ ಇಮೇಲ್‌ನಲ್ಲೇ ಕೇಳಿ: ಅದೇ ವಾರ ಎದುರು ದಿಕ್ಕಿನಿಂದ ನಿಮ್ಮ ಇನ್ನೊಂದು ಹಡಗು ಬರುತ್ತದೆಯೇ? ಷರತ್ತುಗಳಲ್ಲಿ ನೀರಿನ ಮಟ್ಟದ ಕಾರಣಕ್ಕೆ ದಾರಿ ಬದಲಿಸುವ ಹಕ್ಕನ್ನು ಎಲ್ಲರೂ ಇಟ್ಟುಕೊಂಡಿರುತ್ತಾರೆ, ಪರಿಹಾರ ಸಿಗುತ್ತದೆಂದು ನಂಬಬೇಡಿ. ವಿಮೆಯಲ್ಲೂ ಪ್ರವಾಸ ರದ್ದಾದರೆ ಹಣ ಎಂದಿರುತ್ತದೆ, ದಾರಿ ಬದಲಾದರೆ ಎಂಬ ಸಾಲು ಹೆಚ್ಚಾಗಿ ಇರುವುದಿಲ್ಲ. ಅದು ಇದೆಯೇ ಎಂದು ಹುಡುಕಿ ಓದಿ.

ಜರ್ಮನಿಯ ಜಲಮಾರ್ಗ ಇಲಾಖೆಯ ಎಲ್ವಿಸ್ (ELWIS) ಜಾಲತಾಣದಲ್ಲಿ ಮಾಪಕಗಳ ಅಂಕಿ ಎಲ್ಲರಿಗೂ ಸಿಗುತ್ತದೆ. ಹೊರಡುವ ಎರಡು ವಾರ ಮುಂಚಿನಿಂದ ದಿನಾ ಒಮ್ಮೆ ನೋಡಿದರೆ ಸಾಕು. ಆರು ತಿಂಗಳ ಮುಂಚೆ ನೋಡಿ ಏನೂ ಪ್ರಯೋಜನವಿಲ್ಲ.

ಮಧ್ಯಡೆಕ್:

ಕ್ಯಾಬಿನ್ ಬಗ್ಗೆ ನಾನು ಹೇಳುತ್ತೇನೆ. ಮೊದಲು ಹಡಗಿನ ಅಳತೆ ತಿಳಿದುಕೊಂಡರೆ ಉಳಿದದ್ದು ಸುಲಭ. ರೈನ್, ಮೈನ್, ಡ್ಯಾನ್ಯೂಬ್ ಮೂರರಲ್ಲೂ ಓಡುವ ಹಡಗು ಹೆಚ್ಚೆಂದರೆ 135 ಮೀಟರ್ ಉದ್ದ, ಅಗಲ 11.4 ಮೀಟರ್. ಮೈನ್ ನದಿಯ ಮತ್ತು ಮೈನ್-ಡ್ಯಾನ್ಯೂಬ್ ಕಾಲುವೆಯ ಲಾಕ್‌ಗಳ ಅಗಲ 12 ಮೀಟರ್ ಆಗಿರುವುದೇ ಇದಕ್ಕೆ ಕಾರಣ. ಅಂದರೆ ಲಾಕ್ ಒಳಗೆ ಹಡಗಿನ ಎರಡೂ ಬದಿ ಉಳಿಯುವುದು ಒಂದೊಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಕಿಟಕಿಯ ಆಚೆ ಪಾಚಿ ಹಿಡಿದ ಒದ್ದೆ ಗೋಡೆ, ಅದರ ಮೇಲಿಂದ ನೀರು ಸೋರುತ್ತಿರುತ್ತದೆ, ಕ್ಯಾಬಿನ್ ಹಗಲಲ್ಲೇ ಕತ್ತಲಾಗುತ್ತದೆ. ನೋಡಲು ಸೊಗಸು, ಆದರೆ ಬಾಲ್ಕನಿಯಿಂದ ಕೈ ಹೊರಗೆ ಚಾಚಲೇಬಾರದು.

ಅಗಲ ಹೆಚ್ಚಿಸಲು ಆಗದ ಕಾರಣ ಬಾಲ್ಕನಿಯ ಜಾಗವೆಲ್ಲ ಕೋಣೆಯಿಂದಲೇ ಕತ್ತರಿಸಿ ಕೊಟ್ಟದ್ದು. ಫ್ರೆಂಚ್ ಬಾಲ್ಕನಿ ಎಂದರೆ ನೆಲದಿಂದ ಮೇಲಿನವರೆಗೆ ಸರಿಯುವ ಗಾಜು, ಅದರ ಹೊರಗೆ ಕಟಕಟೆ ಅಷ್ಟೇ. ಹೊರಗೆ ಕಾಲಿಡಲು ಜಾಗವಿರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಹಣಕ್ಕೆ ತಕ್ಕ ಆಯ್ಕೆ ಇದೇ. ಕೋಣೆ ದೊಡ್ಡದಾಗಿ ಉಳಿಯುತ್ತದೆ, ಹಾಸಿಗೆಯಲ್ಲಿ ಕೂತೇ ದಂಡೆ ಕಾಣುತ್ತದೆ. ಹೊರಗೆ ಕೂರಬೇಕೆನಿಸಿದರೆ ಹಡಗಿನ ನೆತ್ತಿಯ ಮೇಲೆ ಬಯಲು ಸನ್ ಡೆಕ್ ಇದೆ.

ಕೆಳಗಿನ ಡೆಕ್ಕಿನಲ್ಲಿ ಕಿಟಕಿ ಸಣ್ಣದು, ಗೋಡೆಯ ಮೇಲ್ಭಾಗದಲ್ಲಿರುತ್ತದೆ, ತೆರೆಯುವುದಿಲ್ಲ. ಹೊರಗಿನ ನೀರು ಅದರ ಸ್ವಲ್ಪವೇ ಕೆಳಗೆ. ನಿದ್ದೆಗಷ್ಟೇ ಕ್ಯಾಬಿನ್ ಸಾಕು ಎನ್ನುವ ನಿಮ್ಮಿಬ್ಬರಿಗೆ ಅದು ಧಾರಾಳ. ಮಂಡಿನೋವಿನವರಿಗೆ ಮಾತ್ರ ಬೇಡವೇ ಬೇಡ. ಅನೇಕ ಹಡಗುಗಳಲ್ಲಿ ಲಿಫ್ಟ್ ಮಧ್ಯದ ಮತ್ತು ಮೇಲಿನ ಡೆಕ್ಕುಗಳ ನಡುವೆ ಮಾತ್ರ ಓಡುತ್ತದೆ, ಕೆಳಗಿನ ಡೆಕ್ಕಿಗೂ ಸನ್ ಡೆಕ್ಕಿಗೂ ಮೆಟ್ಟಿಲೇ ಗತಿ. ಲಿಫ್ಟ್ ಇದೆ ಎಂಬ ಒಂದು ಮಾತು ನಂಬದೆ, ಯಾವ ಡೆಕ್ಕಿನಿಂದ ಯಾವ ಡೆಕ್ಕಿಗೆ ಎಂದು ಕೇಳಿ.

ಡೆಕ್ಕಿನ ನಕ್ಷೆ ತೆರೆದಿಟ್ಟುಕೊಂಡು ಕ್ಯಾಬಿನ್ ಆರಿಸಿ. ಹಿಂಭಾಗದಲ್ಲಿ ಎಂಜಿನ್ ಸದ್ದು ರಾತ್ರಿಯೆಲ್ಲ. ಮುಂಭಾಗದಲ್ಲಿ ಬೌ ಥ್ರಸ್ಟರ್ (ಹಡಗಿನ ಮೂತಿಯನ್ನು ಪಕ್ಕಕ್ಕೆ ತಳ್ಳುವ ಯಂತ್ರ) ಇರುತ್ತದೆ. ಹಡಗನ್ನು ದಂಡೆಗೆ ಸರಿಸುವಾಗ ಬೆಳಗಿನ ಐದಕ್ಕೂ ಅದು ಗುಡುಗುತ್ತದೆ. ನಡುವಿನ ಕ್ಯಾಬಿನ್‌ಗಳೇ ಶಾಂತ, ಆದರೆ ರಿಸೆಪ್ಷನ್ ಮತ್ತು ಮೆಟ್ಟಿಲ ಪಕ್ಕದ್ದು ಬಿಟ್ಟು.

ಯಾರೂ ಮುಂಚೆ ಹೇಳದ ಇನ್ನೊಂದು ವಿಷಯವಿದೆ. ಜನಜಂಗುಳಿಯ ಊರುಗಳಲ್ಲಿ ಹಡಗುಗಳನ್ನು ಒಂದರ ಪಕ್ಕ ಒಂದು, ಎರಡು ಮೂರು ಸಾಲಾಗಿ ಕಟ್ಟುತ್ತಾರೆ. ಆಗ ನಿಮ್ಮ ಬಾಲ್ಕನಿಯ ಎದುರು ಬುಡಾಪೆಸ್ಟ್ ಇರುವುದಿಲ್ಲ, ಪಕ್ಕದ ಹಡಗಿನವರ ಹಾಸಿಗೆ ಇರುತ್ತದೆ. ಪರದೆ ಎಳೆದೇ ಇರಬೇಕು. ದಡಕ್ಕೆ ಹೋಗಲು ಪಕ್ಕದ ಹಡಗಿನ ಹಜಾರದ ಮೂಲಕ ನಡೆಯಬೇಕು. ಎರಡು ಹಡಗುಗಳ ಬಾಗಿಲು ಸರಿಹೊಂದದಿದ್ದರೆ ಸನ್ ಡೆಕ್ ಹತ್ತಿ, ಆಚೆ ದಾಟಿ, ಮತ್ತೆ ಇಳಿಯಬೇಕು. ಮಂಡಿನೋವಿನವರ ವಿಷಯವನ್ನು ಮೊದಲ ದಿನವೇ ರಿಸೆಪ್ಷನ್‌ನಲ್ಲಿ ತಿಳಿಸಿಡಿ, ಸಿಬ್ಬಂದಿ ಜೊತೆಗೆ ಬಂದು ದಾಟಿಸುತ್ತಾರೆ.

ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದರೆ ಕೋಣೆಯಲ್ಲಿ ಓಡಾಡಲು ಜಾಗ ಸಿಗುತ್ತದೆ. ತೀರಾ ದಪ್ಪ ಗಟ್ಟಿ ಪೆಟ್ಟಿಗೆ ಅಡಿಗೆ ಹೋಗುವುದಿಲ್ಲ.

ಮುದ್ರೆ:

ವೀಸಾ ನಿಯಮ ಇದು: ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ. ರಾತ್ರಿಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಕ್ರೂಸ್‌ನಲ್ಲಿ ಎಡವುವುದು ಇಲ್ಲೇ, ಏಕೆಂದರೆ ನೀವು ಮಲಗಿದ್ದಾಗಲೇ ಹಡಗು ಗಡಿ ದಾಟುತ್ತದೆ. ಪಾಸೌ-ಬುಡಾಪೆಸ್ಟ್ ದಾರಿಯಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗರಿ ನಾಲ್ಕೂ ಬರುತ್ತವೆ. ಕ್ರೂಸ್ ಮುಂಚೆ ಮ್ಯೂನಿಕ್‌ನಲ್ಲೋ ಕೊನೆಗೆ ಬುಡಾಪೆಸ್ಟ್‌ನಲ್ಲೋ ಎರಡು ಮೂರು ರಾತ್ರಿ ಸೇರಿಸಿದರೆ ಲೆಕ್ಕವೇ ತಿರುಗಿಬಿಡುತ್ತದೆ. ಅದಕ್ಕೆ ಹೋಟೆಲ್ ರಾತ್ರಿಗಳನ್ನು ಮೊದಲು ನಿಗದಿ ಮಾಡಿ, ನಂತರ ಕ್ರೂಸ್ ಕಂಪನಿಯಿಂದ ದಿನಾಂಕ, ಬಂದರು, ತಲುಪುವ-ಹೊರಡುವ ಸಮಯ, ನಾಲ್ವರ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರುವ ಪತ್ರ ತರಿಸಿಕೊಳ್ಳಿ. ಬರೀ ಬುಕಿಂಗ್ ಇನ್‌ವಾಯ್ಸ್ ಸಾಲುವುದಿಲ್ಲ, ಅದರಲ್ಲಿ ರಾತ್ರಿಗಳ ಲೆಕ್ಕ ಇರುವುದಿಲ್ಲ.

ಪ್ರಯಾಣಕ್ಕೆ 6 ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, ಕಡೇ ಗಡುವು 15 ದಿನ. ತೀರ್ಮಾನಕ್ಕೆ 15 ದಿನ ಎಂದಿದ್ದರೂ ಪರಿಶೀಲನೆ ಬೇಕಾದರೆ 45 ದಿನದವರೆಗೆ ಎಳೆಯಬಹುದು. ಶುಲ್ಕ ವಯಸ್ಕರಿಗೆ 90 ಯೂರೋ. ವಿಮೆ ಕನಿಷ್ಠ 30,000 ಯೂರೋ, ಇಡೀ ಷೆಂಗೆನ್ ವಲಯಕ್ಕೆ ಅನ್ವಯಿಸಬೇಕು. ಸ್ವಿಟ್ಜರ್ಲೆಂಡ್ ಯೂರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್‌ನಲ್ಲಿದೆ. ಹಾಗಾಗಿ ಬಾಸೆಲ್ ದಾರಿಗೂ ಒಂದೇ ವೀಸಾ. ಪಾಸ್‌ಪೋರ್ಟ್ ಕೊಟ್ಟು 10 ವರ್ಷ ಮೀರಿರಬಾರದು, ವಾಪಸಾಗುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಅವಧಿ ಉಳಿದಿರಬೇಕು, ಎರಡು ಖಾಲಿ ಪುಟ ಬೇಕು.

ಕ್ರೂಸ್‌ನ ಅಂತಿಮ ಕಂತು ಯಾವ ದಿನ ಕಟ್ಟಬೇಕು, ಯಾವ ದಿನದ ನಂತರ ರದ್ದು ಮಾಡಿದರೆ ಎಷ್ಟು ಹಣ ಮುರಿದುಕೊಳ್ಳುತ್ತಾರೆ ಎಂದು ನೋಡಿ, ಅದಕ್ಕಿಂತ ಮುಂಚೆ ವೀಸಾ ಕೈಗೆ ಬರುವಂತೆ ಅರ್ಜಿಯ ದಿನ ಇಟ್ಟುಕೊಳ್ಳಿ. ಕ್ರಮ ಉಲ್ಟಾ ಆದರೆ ಕೈ ಸುಡುತ್ತದೆ.

ವಿಮಾನದ ಬಗ್ಗೆ ಎರಡೇ ಮಾತು. ಹಡಗು ಹೊರಡುವ ದಿನವೇ ಇಳಿಯಬೇಡಿ, ಒಂದು ದಿನ ಮುಂಚೆ ತಲುಪಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. 2025ರ ಅಕ್ಟೋಬರ್ 12ರಂದು ಶುರುವಾದ ಹೊಸ ಗಡಿ ವ್ಯವಸ್ಥೆಯಲ್ಲಿ ಮೊದಲ ಸಲ ಬರುವವರ ಬೆರಳಚ್ಚು, ಮುಖದ ಚಿತ್ರ ತೆಗೆಯುತ್ತಾರೆ. ಹಾಗಾಗಿ ಷೆಂಗೆನ್‌ನ ಮೊದಲ ನಿಲ್ದಾಣದಲ್ಲಿ ವಿಮಾನ ಬದಲಿಸುವುದಿದ್ದರೆ ಮೂರು ಗಂಟೆಯಾದರೂ ಬಿಡುವಿಡಿ. ಬಾಸೆಲ್ ವಿಮಾನ ನಿಲ್ದಾಣ ಇರುವುದು ಫ್ರಾನ್ಸ್ ನೆಲದಲ್ಲಿ, ಸ್ವಿಸ್ ಕಡೆಗೂ ಫ್ರೆಂಚ್ ಕಡೆಗೂ ಬೇರೆ ಬೇರೆ ಬಾಗಿಲು. ಹಡಗಿಗೆ ಹೋಗುವವರು ಸ್ವಿಸ್ ಬಾಗಿಲಿಂದಲೇ ಹೊರಬರಬೇಕು.

ದಡಸೇರು:

ಇಷ್ಟು ವಿವರ ಸಿಗುತ್ತದೆಂದು ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಇನ್ನೂ ಮೂರು ಪ್ರಶ್ನೆ. ರೈನ್ ಆರಿಸಿದರೆ ಯಾವ ದಿಕ್ಕು ಒಳ್ಳೆಯದು? ಮಂಡಿನೋವಿನವರಿಗೆ ಎರಡರಲ್ಲಿ ಯಾವ ದಾರಿ ಹಗುರ? ಬುಡಾಪೆಸ್ಟ್‌ನಿಂದ ಮುಂದೆ ಬೆಲ್‌ಗ್ರೇಡ್ ಕಡೆ ಹೋಗುವ ಕ್ರೂಸ್ ಕೂಡ ಕಂಡಿತು, ಅದಕ್ಕೆ ಇದೇ ವೀಸಾ ಸಾಕೇ?

ಹೊಳೆಮಾಪಕ:

ದಿಕ್ಕಿನ ಪ್ರಶ್ನೆ ಒಳ್ಳೆಯದು, ಹೆಚ್ಚಿನವರು ಕೇಳುವುದೇ ಇಲ್ಲ. ಕೋಟೆಗಳ ಕಣಿವೆ ಸುಮಾರು 65 ಕಿ.ಮೀ., 2002ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹರಿವಿನ ಜೊತೆ ಸಾಗಿದರೆ ಮೂರು ಗಂಟೆಯ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಹರಿವಿಗೆ ಎದುರಾಗಿ, ಅಂದರೆ ಆಮ್‌ಸ್ಟರ್‌ಡ್ಯಾಮ್‌ನಿಂದ ಬಾಸೆಲ್ ಕಡೆಗೆ ಬಂದರೆ, ಹಡಗು ತಿಣುಕುತ್ತಾ ಏರುವುದರಿಂದ ಐದಾರು ಗಂಟೆ ಸಿಗುತ್ತದೆ. ಕೋಟೆ ನೋಡುವ ಆಸೆಯಿದ್ದರೆ ಏರುವ ದಿಕ್ಕೇ ಆರಿಸಿ.

ಆದರೆ ಅದಕ್ಕಿಂತ ಮುಖ್ಯ, ಕಣಿವೆ ದಾಟುವ ಹೊತ್ತು. ಕಾರ್ಯಕ್ರಮ ಪಟ್ಟಿಯಲ್ಲಿ ಕೊಬ್ಲೆಂಜ್ ಮತ್ತು ರೂಡೆಸ್‌ಹೈಮ್ (ಬಿಂಗೆನ್‌ನ ಎದುರು ದಂಡೆಯ ಊರು) ನಡುವಿನ ಸಮಯ ಹಗಲಲ್ಲಿದೆಯೇ ನೋಡಿ. ಕ್ರಿಸ್‌ಮಸ್ ಮಾರುಕಟ್ಟೆಯ ಕ್ರೂಸ್‌ಗಳಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮಧ್ಯಾಹ್ನ ಎರಡಕ್ಕೆ ಕಣಿವೆ ಹೊಕ್ಕರೆ ಅರ್ಧ ಕೋಟೆಗಳು ಕತ್ತಲಲ್ಲೇ ಕಳೆದುಹೋಗುತ್ತವೆ.

ದಂಡೆಯಲ್ಲಿ ದೊಡ್ಡ ಅಂಕಿಯ ಬಿಳಿ ಫಲಕಗಳು ಕಾಣುತ್ತವೆ. ಅವು ನದಿಯ ಮೇಲ್ಗಡೆಯ ಕಾನ್‌ಸ್ಟಾನ್ಸ್ ಊರಿನ ಸೇತುವೆಯಿಂದ ಲೆಕ್ಕ ಹಾಕಿದ ಕಿಲೋಮೀಟರ್. ಇವನ್ನು ಓದುವುದು ಕಲಿತರೆ ಧ್ವನಿವರ್ಧಕದ ಗೈಡ್ ಬೇಕಾಗುವುದೇ ಇಲ್ಲ. 592ರ ಹತ್ತಿರ ಕೊಬ್ಲೆಂಜ್, ಮೋಸೆಲ್ ನದಿ ಬಂದು ಸೇರುವ ಮೂಲೆ. 580ರಲ್ಲಿ ಮಾರ್ಕ್ಸ್‌ಬುರ್ಗ್, ಮಧ್ಯ ರೈನ್‌ನ ಬೆಟ್ಟದ ಕೋಟೆಗಳಲ್ಲಿ ಎಂದೂ ನಾಶವಾಗದೆ ಉಳಿದದ್ದು ಇದೊಂದೇ. 556ರಲ್ಲಿ ಸಾಂಕ್ಟ್ ಗೋಆರ್. 554ರಲ್ಲಿ ಲೊರೆಲೈ, 132 ಮೀಟರ್ ಎತ್ತರದ ಬಂಡೆ. ಅಲ್ಲಿ ನದಿ ಕಿರಿದಾಗಿ ತಿರುಗುತ್ತದೆ, ಎದುರಿನ ಹಡಗು ಕಾಣುವುದಿಲ್ಲ. ಅದಕ್ಕೇ ಏರುವ ಹಡಗುಗಳಿಗೆ ದಂಡೆಯ ಮೇಲೆ ದೀಪದ ಗೆರೆಗಳಲ್ಲಿ ಸೂಚನೆ ಕೊಡುತ್ತಾರೆ. ಸನ್ ಡೆಕ್ಕಿನ ಮುಂಭಾಗದಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ. 546ರಲ್ಲಿ ನದಿಯ ನಡುವೆ ಹಡಗಿನ ಆಕಾರದ ಬಿಳಿ ಕಟ್ಟಡ, ಫಾಲ್ಟ್ಸ್‌ಗ್ರಾಫೆನ್‌ಸ್ಟೈನ್, 14ನೇ ಶತಮಾನದ ಸುಂಕದ ಕೋಟೆ. ಅದರ ಎದುರಿನ ಊರೇ ಕೌಬ್. ಅಷ್ಟು ದಿನ ಫೋನಿನಲ್ಲಿ ಅಂಕಿ ನೋಡಿದ ಮಾಪಕ ಅಲ್ಲೇ ದಂಡೆಯಲ್ಲಿದೆ.

ಕಣಿವೆಯ ಎರಡೂ ದಂಡೆಗಳಲ್ಲಿ ರೈಲು ಹಳಿ ಇದೆ, ಗೂಡ್ಸ್ ಗಾಡಿಗಳು ರಾತ್ರಿಯಿಡೀ ಓಡುತ್ತವೆ. ರೂಡೆಸ್‌ಹೈಮ್‌ನಲ್ಲಿ ರಾತ್ರಿ ತಂಗುವ ಕ್ರೂಸ್ ಆದರೆ ಕಿವಿಗೆ ಬೆಣೆ ಇಟ್ಟುಕೊಳ್ಳಲೇಬೇಕು.

ನೀರಿನ ಚಿಂತೆಯೇ ಬೇಡ ಎನ್ನುವವರಿಗೆ ಲಾಕ್‌ಗಳಿಂದ ಕಟ್ಟಿದ ನದಿಗಳಿವೆ: ಮೋಸೆಲ್, ಸೇನ್, ರೋನ್, ಪೋರ್ಚುಗಲ್‌ನ ಡೌರೊ. ಇವು ಬೇಸಿಗೆಯಲ್ಲಿ ಬತ್ತುವುದಿಲ್ಲ. ಆದರೆ ಲಾಕ್ ಕೆಟ್ಟರೆ ನದಿಯೇ ಮುಚ್ಚಿದಂತೆ. 2024ರ ಡಿಸೆಂಬರಿನಲ್ಲಿ ಮೋಸೆಲ್‌ನ ಮ್ಯೂಡೆನ್ ಲಾಕ್ ಬಾಗಿಲಿಗೆ ಸರಕು ಹಡಗು ಗುದ್ದಿ ವಾರಗಟ್ಟಲೆ ಸಂಚಾರ ನಿಂತಿತ್ತು. ಡೌರೊದಲ್ಲಿ ಕ್ರೂಸ್ ಹಡಗುಗಳು ರಾತ್ರಿ ಓಡುವುದಿಲ್ಲ, ಹಗಲು ಮಾತ್ರ. ದ್ರಾಕ್ಷಿ ತೋಟದ ಮೆಟ್ಟಿಲುಗಳ ನಡುವೆ ನಿಧಾನವಾಗಿ ಸಾಗಬೇಕೆಂದವರಿಗೆ ಅದು ವರವೇ.

ಮುದ್ರೆ:

ಬೆಲ್‌ಗ್ರೇಡ್ ಪ್ರಶ್ನೆಗೆ: ಸರ್ಬಿಯಾ ಷೆಂಗೆನ್‌ನಲ್ಲಿಲ್ಲ. ಹಂಗರಿಯ ಮೊಹಾಚ್‌ನಲ್ಲಿ ಗಡಿ ತಪಾಸಣೆ ಮುಗಿಸಿ ಹಡಗು ಹೊರಬೀಳುತ್ತದೆ. ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗೆನ್‌ನಲ್ಲಿದೆ, ರೊಮೇನಿಯಾ ಮತ್ತು ಬಲ್ಗೇರಿಯಾ 2025ರ ಜನವರಿಯಿಂದ ಪೂರ್ತಿ ಸೇರಿವೆ. ಅಂದರೆ ಸರ್ಬಿಯಾ ಮುಗಿಸಿ ಮುಂದಿನ ಬಂದರಿಗೆ ಹೋದರೆ ಅದು ಎರಡನೇ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಅರ್ಜಿಯಲ್ಲೇ ಬಹು ಪ್ರವೇಶ ಎಂದು ಗುರುತು ಹಾಕಿ, ಕಾರಣವಾಗಿ ಬಂದರುಗಳ ಪಟ್ಟಿ ಲಗತ್ತಿಸಿ. ಸರ್ಬಿಯಾಕ್ಕೆ ನಿಮ್ಮ ಪಾಸ್‌ಪೋರ್ಟಿಗೆ ಏನು ಬೇಕು ಎಂಬುದನ್ನು ಅವರ ವಿದೇಶಾಂಗ ಇಲಾಖೆಯ ತಾಣದಲ್ಲೇ ನೋಡಿ, ಏಜೆಂಟರ ಬಾಯಿಮಾತು ಸಾಲದು.

ವಾಖಾವ್‌ದಾರಿ:

ಮಂಡಿನೋವಿನವರಿದ್ದರೆ ನನ್ನ ಮತ ಡ್ಯಾನ್ಯೂಬ್‌ಗೆ. ಕಾರಣ ಹೇಳುತ್ತೇನೆ. ಪಾಸೌನಲ್ಲಿ ಹಡಗು ಕಟ್ಟುವುದು ಹಳೇ ಊರಿನ ಬದಿಯಲ್ಲೇ. ಬ್ರಾಟಿಸ್ಲಾವಾದಲ್ಲಿ ಕಟ್ಟೆಯಿಂದ ಹಳೇ ಪೇಟೆಗೆ ಸಮತಟ್ಟಾದ ಹತ್ತು ನಿಮಿಷದ ನಡಿಗೆ. ವಿಯೆನ್ನಾದಲ್ಲಿ ರೈಷ್ಸ್‌ಬ್ರೂಕೆ ಸೇತುವೆಯ ಬಳಿ ನಿಂತರೆ ಹತ್ತಿರದ ಫೋರ್ಗಾರ್ಟೆನ್‌ಸ್ಟ್ರಾಸೆ ನಿಲ್ದಾಣದಿಂದ ಯು1 ಮೆಟ್ರೋದಲ್ಲಿ ನಾಲ್ಕನೇ ನಿಲ್ದಾಣವೇ ಸ್ಟೆಫಾನ್ಸ್‌ಪ್ಲಾಟ್ಸ್, ಊರಿನ ನಡುಮಧ್ಯ. ಬುಡಾಪೆಸ್ಟ್‌ನಲ್ಲಿ ಪೆಸ್ಟ್ ದಂಡೆಗುಂಟ 2ನೇ ನಂಬರ್ ಟ್ರಾಮ್ ಓಡುತ್ತದೆ, ಕೂತಲ್ಲಿಂದಲೇ ಪಾರ್ಲಿಮೆಂಟ್, ಎದುರು ದಂಡೆಯ ಕೋಟೆ ಎಲ್ಲ ಕಾಣುತ್ತದೆ.

ಕಷ್ಟದ ಜಾಗಗಳೂ ಇವೆ, ಮುಚ್ಚಿಡುವುದಿಲ್ಲ. ವಾಖಾವ್ ಕಣಿವೆಯ ಮೆಲ್ಕ್ ಮಠ ಗುಡ್ಡದ ಮೇಲಿದೆ, ಬಸ್ ಮೇಲಿನ ಬಾಗಿಲವರೆಗೆ ಬಿಟ್ಟರೂ ಒಳಗೆ ಮೆಟ್ಟಿಲುಗಳಿವೆ. ಅದೇ ಕಣಿವೆಯ ಡ್ಯುರ್ನ್‌ಸ್ಟೈನ್ ಊರಿನ ಬೀದಿಗಳಿಗೆ ಉರುಟು ಕಲ್ಲು ಹಾಸಿದ್ದಾರೆ, ಒದ್ದೆಯಾದರೆ ಜಾರುತ್ತದೆ. ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192ರಲ್ಲಿ ಸೆರೆಯಿಟ್ಟಿದ್ದ ಕೋಟೆಯ ಅವಶೇಷ ಅದರ ಮೇಲಿದೆ, ಏರಲು ಅರ್ಧ ಗಂಟೆ, ಮಂಡಿಗೆ ಒಳ್ಳೆಯದಲ್ಲ. ಹಿರಿಯರು ಕೆಳಗೆ ನದಿಯ ಪಕ್ಕದ ನೀಲಿ ಗೋಪುರದ ಇಗರ್ಜಿ ನೋಡಿ ಹಡಗಿಗೆ ಮರಳಲಿ. ನೀವಿಬ್ಬರು ಹಡಗಿನಲ್ಲಿ ಸೈಕಲ್ ಇದ್ದರೆ ಮೆಲ್ಕ್‌ನಿಂದ ದಂಡೆಗುಂಟ ಪೆಡಲ್ ಮಾಡಿಕೊಂಡು ಬನ್ನಿ, ಡ್ಯುರ್ನ್‌ಸ್ಟೈನ್‌ಗೆ ಸುಮಾರು 30 ಕಿ.ಮೀ., ದಾರಿ ಬಹುಪಾಲು ಸಮತಟ್ಟು. ಹಡಗು ಎಷ್ಟು ಹೊತ್ತಿಗೆ ಎಲ್ಲಿ ಕಟ್ಟುತ್ತದೆ ಎಂದು ಬರೆದುಕೊಂಡೇ ಹೊರಡಿ.

ಹೆಚ್ಚಿನ ಹಡಗುಗಳಲ್ಲಿ ನಡಿಗೆಯ ಪ್ರವಾಸಕ್ಕೆ ನಿಧಾನ ನಡೆಯುವವರ ಗುಂಪು ಬೇರೆ ಇರುತ್ತದೆ. ಹಿಂದಿನ ಸಂಜೆ ರಿಸೆಪ್ಷನ್‌ನಲ್ಲಿ ಹೆಸರು ಬರೆಸಬೇಕು. ಗೈಡ್ ಮಾತು ಕೇಳುವ ಇಯರ್‌ಫೋನ್ ಪೆಟ್ಟಿಗೆಯನ್ನು ರಾತ್ರಿ ಚಾರ್ಜಿಗೆ ಇಡಲು ಮರೆತರೆ ಮರುದಿನ ಮಧ್ಯದಲ್ಲೇ ಸತ್ತುಹೋಗುತ್ತದೆ. ಹಡಗು ಬಿಡುವಾಗ ಕೊಡುವ ಕಾರ್ಡ್ ತೆಗೆದುಕೊಂಡು ಹೋಗಿ, ಬಂದಾಗ ತಪ್ಪದೆ ಹಿಂತಿರುಗಿಸಿ. ಯಾರು ಇನ್ನೂ ಊರಲ್ಲಿದ್ದಾರೆ ಎಂದು ಅವರು ಲೆಕ್ಕ ಹಾಕುವುದು ಅದರಿಂದಲೇ. ಹಡಗಿನ ಫೋನ್ ನಂಬರ್, ಆ ದಿನ ಕಟ್ಟಿದ ಕಟ್ಟೆಯ ಹೆಸರು ನಾಲ್ವರ ಜೇಬಿನಲ್ಲೂ ಇರಲಿ. ಎರಡು ಗಂಟೆಯಲ್ಲಿ ಹಡಗನ್ನು ಬೇರೆ ಕಟ್ಟೆಗೆ ಸರಿಸುವುದು ಅಪರೂಪವೇನಲ್ಲ.

ಊಟ: ಬುಕಿಂಗ್‌ನಲ್ಲಿ ಸಸ್ಯಾಹಾರ ಎಂದು ಟಿಕ್ ಹಾಕಿ ಬಿಡಬೇಡಿ. ಆರು ವಾರ ಮುಂಚೆ ಇಮೇಲ್ ಬರೆದು, ಮೀನು ಬೇಡ, ಮೊಟ್ಟೆ ಬೇಕೋ ಬೇಡವೋ, ಮಾಂಸದ ಸ್ಟಾಕ್ ಹಾಕಿದ ಸೂಪು ಬೇಡ, ಜೆಲಟಿನ್ ಹಾಕಿದ ಸಿಹಿ ಬೇಡ ಎಂದು ಬಿಡಿಸಿ ಹೇಳಿ. ಪಾರ್ಮಸಾನ್ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ, ಅದೂ ನಿಮಗೆ ಮುಖ್ಯವಾದರೆ ಬರೆಯಿರಿ. ನದಿ ಹಡಗಿನ ಅಡುಗೆಮನೆ ಸಣ್ಣದು, ಸಾಮಾನು ತುಂಬಿಸುವುದು ಕೆಲವೇ ಬಂದರುಗಳಲ್ಲಿ. ಹತ್ತಿದ ಮೇಲೆ ಕೇಳಿದರೆ ಏಳು ದಿನವೂ ಅದೇ ಪಾಸ್ತಾ ಬರುತ್ತದೆ. ಮೊದಲ ಸಂಜೆ ಊಟದ ಮೇಲ್ವಿಚಾರಕರನ್ನು ಕಂಡು ಮರುದಿನದ ಊಟ ಇಂದೇ ಆರಿಸುತ್ತೇವೆ ಎನ್ನಿ, ಅವರಿಗೂ ಅನುಕೂಲ.

ಬೆಲೆ ಹೋಲಿಸುವಾಗ ಬಂದರು ತೆರಿಗೆ, ಟಿಪ್ಸ್, ಪಾನೀಯ, ಪ್ರವಾಸಗಳು, ವಿಮಾನ ನಿಲ್ದಾಣದಿಂದ ಕರೆತರುವುದು, ಐದನ್ನೂ ಕೂಡಿಸಿ ರಾತ್ರಿಗೆ ಎಷ್ಟು ಎಂದು ಭಾಗಿಸಿ. ಅಗ್ಗ ಕಂಡದ್ದು ಹಲವು ಸಲ ಅಗ್ಗವಾಗಿರುವುದಿಲ್ಲ.

ದಡಸೇರು:

ಹಾಗಾದರೆ ಪಾಸೌ-ಬುಡಾಪೆಸ್ಟ್, ಮೇ ಮೊದಲ ವಾರ. ಹಿರಿಯರಿಗೆ ಮಧ್ಯದ ಡೆಕ್ಕಿನಲ್ಲಿ ಫ್ರೆಂಚ್ ಬಾಲ್ಕನಿ, ನಮಗೆ ಕೆಳಗಿನದು. ಒಂದೇ ಒಂದು ಉಳಿದಿದೆ: ಬುಡಾಪೆಸ್ಟ್‌ನ ರಾತ್ರಿ ದೀಪಗಳನ್ನು ಹಡಗಿನಿಂದ ನೋಡಬೇಕಾದರೆ ಏನು ಗಮನಿಸಬೇಕು?

ವಾಖಾವ್‌ದಾರಿ:

ಕಾರ್ಯಕ್ರಮ ಪಟ್ಟಿಯಲ್ಲಿ ಬುಡಾಪೆಸ್ಟ್ ತಲುಪುವ ಸಮಯ ನೋಡಿ. ಮಧ್ಯಾಹ್ನ ತಲುಪಿ ರಾತ್ರಿ ಕಟ್ಟೆಯಲ್ಲೇ ಉಳಿಯುವುದಾದರೆ, ಕತ್ತಲಾದ ಮೇಲೆ ಒಂದು ಸುತ್ತು ಹಾಕಿಸುತ್ತಾರೆಯೇ ಎಂದು ಕೇಳಿ. ಕೆಲವರು ಹಾಕಿಸುತ್ತಾರೆ, ಕೆಲವರು ಇಲ್ಲ. ಮೇ ಮೊದಲಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟರ ಹೊತ್ತಿಗೆ, ಪೂರ್ತಿ ಕತ್ತಲಾಗಲು ಒಂಬತ್ತು. ಉತ್ತರದಿಂದ ಬರುವ ಹಡಗಿಗೆ ಮಾರ್ಗರೆಟ್ ದ್ವೀಪ ದಾಟಿದ ಕೂಡಲೇ ಎಡಗಡೆ ಪಾರ್ಲಿಮೆಂಟ್, ಸ್ವಲ್ಪ ಮುಂದೆ ಬಲಗಡೆ ಬುಡಾ ಕೋಟೆ. ಹತ್ತು ನಿಮಿಷ ಮುಂಚೆಯೇ ಸನ್ ಡೆಕ್ಕಿನ ಎಡಬದಿಯಲ್ಲಿ ಹಿರಿಯರಿಗೆ ಎರಡು ಕುರ್ಚಿ ಹಿಡಿದಿಡಿ, ಮೇ ತಿಂಗಳಾದರೂ ನೀರಿನ ಮೇಲೆ ಚಳಿಗಾಳಿ ಬೀಸುತ್ತದೆ, ಕಂಬಳಿಯನ್ನು ಸಿಬ್ಬಂದಿಯಿಂದ ಕೇಳಿ ಪಡೆಯಿರಿ.